ರನ್ಸಿಬಲ್ ಅಂದರೇನು? ತರಗತಿಯಲ್ಲಿ ಬಿಡಿಸುವ ಬಗೆ

ಇಂಗ್ಲಿಷ್ ಪಾಠದಲ್ಲಿ ‘ರನ್ಸಿಬಲ್’ ಎದುರಾದರೆ ನಿಘಂಟು ತೆಗೆಯಬೇಡಿ. ಮೊದಲು ನಾಲ್ಕು ಚೀಟಿ ಬರೆಯಿರಿ: ಚಮಚ, ಬೆಕ್ಕು, ದೊಡ್ಡ ಕಾಗೆ, ಟೋಪಿ. ಪದ ಹುಟ್ಟಿಸಿದ, ಅರ್ಥವಿಲ್ಲದ ತಮಾಷೆ ಪದ್ಯಗಳ ಇಂಗ್ಲಿಷ್ ಕವಿ ಎಡ್ವರ್ಡ್ ಲಿಯರ್ (1812–1888) ಈ ನಾಲ್ಕಕ್ಕೂ ಅದೇ ವಿಶೇಷಣ ಅಂಟಿಸಿದ್ದಾನೆ. ನಾಲ್ಕಕ್ಕೂ ಒಪ್ಪುವ ಒಂದು ಗುಣ ಹುಡುಕಲು ಮಕ್ಕಳಿಗೆ ಐದು ನಿಮಿಷ ಕೊಡಿ. ಸಿಗುವುದಿಲ್ಲ. ಸಿಗಬಾರದು ಕೂಡ.

ಈಗ ನಿಘಂಟು ತೆರೆಯಬಹುದು. ಎಡವುವುದು ಇಲ್ಲೇ. ‘ಮೂರು ಅಗಲ ಹಲ್ಲು, ಒಂದು ಹರಿತ ಅಂಚು ಇರುವ ಉಪ್ಪಿನಕಾಯಿ ಫೋರ್ಕು’ ಎಂಬಂಥ ಅರ್ಥ ಕಾಣುತ್ತದೆ. (ಅಪ್ಪೆಮಿಡಿಯನ್ನು ತೊಟ್ಟು ಹಿಡಿದು ಕಚ್ಚುವ ಸಾಗರದ ಕಡೆಯ ಮಕ್ಕಳಿಗೆ ಉಪ್ಪಿನಕಾಯಿಗೊಂದು ಫೋರ್ಕು ಅಂದರೇ ನಗು.) ಬೋರ್ಡಿನ ಮೇಲೆ ಇಸವಿ ಬರೆದು ತೋರಿಸಿ: ಲಿಯರನ ಗೂಬೆ ಮತ್ತು ಬೆಕ್ಕಿನ ಪದ್ಯದಲ್ಲಿ ರನ್ಸಿಬಲ್ ಚಮಚ ಅಚ್ಚಾದದ್ದು 1870ರಲ್ಲಿ, ಫೋರ್ಕಿನ ವಿವರಣೆ ಬಂದದ್ದು 1920ರ ದಶಕದಲ್ಲಿ, ಲಿಯರ್ ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ. ಪದ್ಯದಲ್ಲಿದ್ದ ಹೆಸರನ್ನು ಫೋರ್ಕಿಗೆ ಇಟ್ಟರೇ ಹೊರತು ಫೋರ್ಕನ್ನು ನೋಡಿ ಪದ್ಯ ಬರೆದದ್ದಲ್ಲ.

ಲಿಯರನೇ ಬರೆದ ಚಿತ್ರವೂ ಇದೆ. 1872ರ ಪುಸ್ತಕದಲ್ಲಿ ಒಂದು ಬಾತುಕೋಳಿ ಕೊಕ್ಕಿನಲ್ಲಿ ರನ್ಸಿಬಲ್ ಚಮಚ ಕಚ್ಚಿಕೊಂಡು ಕಪ್ಪೆ ಹಿಡಿಯುತ್ತದೆ. ಚಮಚದ ಬಾಯಿ ದುಂಡಗಿದೆ, ಹಲ್ಲಿಲ್ಲ. ಮನೆಯಿಂದ ಕರಟದ ಸೌಟೊಂದನ್ನು ತಂದು ಫೋರ್ಕಿನ ಪಕ್ಕ ಹಿಡಿಯಿರಿ. ಚಿತ್ರಕ್ಕೆ ಹತ್ತಿರವಾಗುವುದು ಸೌಟೇ.

ಮೂಲ ಕೇಳಿದರೆ, ದೊಡ್ಡ ಜಾತಿಯ ಬಟಾಣಿಗಿದ್ದ ‘ರೌನ್ಸಿವಲ್’ ಎಂಬ ಹಳೆಯ ಹೆಸರನ್ನು ತಿರುಚಿದ್ದಿರಬಹುದು ಅನ್ನುತ್ತಾರೆ. ಊಹೆ ಎಂದು ಹೇಳಿಯೇ ಮುಂದೆ ಹೋಗಿ.

ಕನ್ನಡಕ್ಕೆ ತರುವಾಗ ‘ಮುಳ್ಳುಚಮಚ’ ಬೇಡ, ಕಾಗೆ ಟೋಪಿಗಳ ಪಕ್ಕ ಅದು ನಿಲ್ಲುವುದಿಲ್ಲ. ‘ಅವಲಕ್ಕಿ ಪವಲಕ್ಕಿ’ಯ ಪವಲಕ್ಕಿಗೂ ಅರ್ಥವಿಲ್ಲ, ಆದರೆ ಅದು ಅವಲಕ್ಕಿಯ ಬಾಲ ಹಿಡಿದು ಬಂದದ್ದು, ರನ್ಸಿಬಲ್ ಒಂಟಿಯಾಗಿಯೇ ಓಡಾಡುತ್ತದೆ. ಅದರ ಚಮತ್ಕಾರ ಇರುವುದು ‘-ಇಬಲ್’ ಎಂಬ ಬಾಲದಲ್ಲಿ: ಟೆರಿಬಲ್, ಸೆನ್ಸಿಬಲ್ ಕೇಳಿದ ಕಿವಿಗೆ ಇದಕ್ಕೂ ಏನೋ ಅರ್ಥವಿದೆ ಅನ್ನಿಸುತ್ತದೆ. ನಮ್ಮಲ್ಲಿ ಆ ಕೆಲಸ ‘-ಉಳ್ಳ’ ಮಾಡುತ್ತದೆ. ಬುದ್ಧಿಯುಳ್ಳ, ಗುಣವುಳ್ಳ ಇದ್ದಹಾಗೆ ‘ರುಂಚುಳ್ಳ’ ಅನ್ನಿ. ರುಂಚುಳ್ಳ ಸೌಟು, ರುಂಚುಳ್ಳ ಬೆಕ್ಕು, ರುಂಚುಳ್ಳ ಕಾಗೆ, ರುಂಚುಳ್ಳ ಟೋಪಿ. ನಾಲ್ಕೂ ಚೀಟಿಗೆ ಕೂತಿತು. ‘ಗುಡುಂಬಳ’ದಂಥದ್ದು ಕಟ್ಟಿದರೆ ಕುಂಬಳಕಾಯಿ ಇಣುಕಿ ಕೆಡುತ್ತದೆ.

ಹಿಂದಿನ ಬೆಂಚಿನಿಂದ “ಸಾರ್, ರುಂಚು ಅಂದ್ರೆ ಏನು?” ಅಂತ ಕೇಳಿ ಬಂದರೆ ಅನುವಾದ ಸರಿಯಾಗಿದೆ.