ಟೆಂಟ್ ಇಲ್ಲದೆ ನಾರಿಹಳ್ಳದ ಹಿನ್ನೀರಿಗೆ

ಸಂಡೂರು ಅಂದ ಕೂಡಲೇ ಜನಕ್ಕೆ ನೆನಪಾಗುವುದು ಅದಿರು, ಲಾರಿ, ಕೆಂಪು ಧೂಳು. ಅದೇ ಬೆಟ್ಟಗಳ ನಡುವೆ ದಟ್ಟ ಕಾಡಿದೆ, ಕಾಡಿನ ಮಡಿಲಲ್ಲಿ ನೀರಿದೆ ಅಂದರೆ ಬಳ್ಳಾರಿಯವರೇ ಎಷ್ಟೋ ಮಂದಿ ನಂಬುವುದಿಲ್ಲ. ನಾರಿಹಳ್ಳ ಭೀಮಗಂಡಿಯಲ್ಲಿ ಬೆಟ್ಟ ಸೀಳಿಕೊಂಡು ಕಣಿವೆಗೆ ಬರುತ್ತದೆ, ಉಬ್ಬಲಗಂಡಿಯಲ್ಲಿ ಮತ್ತೆ ಬೆಟ್ಟ ಸೀಳಿ ಹೊರಗೆ ಹೋಗುತ್ತದೆ. ತಾರಾನಗರದ ಹತ್ತಿರ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಅಣೆಕಟ್ಟಿನ ತನಕ ಬೈಕಿನಲ್ಲೇ ಹೋಗಬಹುದು. ನಾವು ಗೆಳೆಯರು ಹೋದದ್ದು ಗುಡ್ಡ ಹತ್ತಿ ಇಳಿದು, ಹಿನ್ನೀರಿನ ಕಾಡು ಕಡೆಯ ದಂಡೆಗೆ.

ಕಾಲ ಸೆಪ್ಟೆಂಬರ್ ಕೊನೆ. ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಬೇಕು ಅಂತ ಅವರೇ ಹೇಳಿದ್ದು ಅಂತ ಊರವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಯಾರು ಹೇಳಿದರೂ ಮಾತು ಸರಿಯೇ. ಬೇಸಿಗೆಯಲ್ಲಿ ಇದೇ ಗುಡ್ಡ ಸುಟ್ಟು ಬೋಳಾಗಿರುತ್ತದೆ, ಹಿನ್ನೀರು ಕುಗ್ಗಿ ಬರೀ ಹೂಳು ಕಾಣುತ್ತದೆ.

ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವುದು, ಒಳಗೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಹಗಲು ಹೋಗಿ ಸಂಜೆಯೊಳಗೆ ಬನ್ನಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ ಅಂದರು. ನಮಗೂ ಅದೇ ಬೇಕಿತ್ತು.

ಯಾಕೆಂದರೆ ನನ್ನ ಪ್ರಕಾರ ಈ ಕಾಡಿಗೆ ಟೆಂಟ್ ಹೊರುವುದೇ ದಂಡ. ಕೆರೆ ದಂಡೆಯಲ್ಲಿ ಮಲಗಬೇಕು, ಬೆಳದಿಂಗಳು ನೋಡಬೇಕು ಅಂತ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕತ್ತಲಾದ ಮೇಲೆ ಆ ದಂಡೆ ಕರಡಿಯದು. ದರೋಜಿಯ ಕರಡಿಧಾಮ ಇರುವುದೂ ಇದೇ ಸೀಮೆಯಲ್ಲಿ. ಕರಡಿಗಳಿಗೇನು ಧಾಮದ ಗಡಿ ಗೊತ್ತಿರುತ್ತದಾ? ಸಂಜೆಯಿಂದ ಬೆಳಗಿನ ತನಕ ಅವುಗಳ ಓಡಾಟ. ನಾವು ಗೆಳೆಯನ ಚಿಕ್ಕಮ್ಮನ ಊರಲ್ಲಿ, ಅವರ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿದೆವು. ಬೆಳದಿಂಗಳು ಅಲ್ಲೂ ಬಿತ್ತು.

ಟೆಂಟ್, ಹಾಸಿಗೆ, ಸ್ಟೌವ್ ಬಿಟ್ಟಿದ್ದರಿಂದ ಚೀಲದಲ್ಲಿ ನೀರಿಗೆ ಜಾಗ ಆಯಿತು. ತಲೆಗೆ ನಾಲ್ಕು ಲೀಟರ್. ಜಾಸ್ತಿ ಅನಿಸಬಹುದು. ಆದರೆ ದಾರಿಯ ಹಳ್ಳಗಳ ನೀರು ಮಳೆ ಬಿದ್ದರೆ ಅದಿರಿನ ಮಣ್ಣು ಕಲಸಿ ಕೆಂಪಗಾಗುತ್ತದೆ. ಕ್ಲೋರಿನ್ ಮಾತ್ರೆ ಹಾಕಿದರೆ ಸಾಕಲ್ವಾ ಅಂತ ಒಬ್ಬ ಕೇಳಿದ. ಮಣ್ಣು ತುಂಬಿದ ನೀರಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ನೀರು ತಿಳಿಯಾಗಬೇಕು, ಬಟ್ಟೆಯಲ್ಲಿ ಸೋಸಬೇಕು, ಆಮೇಲೆ ಮಾತ್ರೆ. ಅಷ್ಟು ಪುರುಸೊತ್ತು ನಡೆಯುವಾಗ ಎಲ್ಲಿರುತ್ತದೆ? ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಉಳ್ಳಾಗಡ್ಡಿ. ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ. ಬೆಲ್ಲ, ಬಾಳೆಹಣ್ಣು ಮಾತ್ರ ಬೇಡ ಅಂದರು ಜೊತೆಗೆ ಬಂದ ತಾತ. ಕರಡಿಯ ಕಣ್ಣು ಅಷ್ಟಕ್ಕಷ್ಟೇ, ಮೂಗು ಬಹಳ ಚುರುಕು.

ಕಾಡಲ್ಲಿ ಸದ್ದು ಮಾಡಬಾರದು ಅಂತ ನಾವೆಲ್ಲ ಕಲಿತಿದ್ದೇವೆ. ತಾತ ಅದಕ್ಕೆ ಉಲ್ಟಾ ಹೇಳಿದರು. "ಮಾತಾಡ್ಕೊಂತ ನಡೀರಪ್ಪ. ಸುಮ್ಕ ಹೋದ್ರ ಅದೂ ಬೆದರತೈತಿ, ನೀವೂ ಬೆದರತೀರಿ." ಕರಡಿ ಹುತ್ತದೊಳಗೆ ಮೂತಿ ಇಟ್ಟು ಗೆದ್ದಲು ಹೀರುವಾಗ ಸುತ್ತಲಿನ ಪರಿವೆಯೇ ಇರುವುದಿಲ್ಲ. ಹತ್ತಿರ ಬಂದ ಮೇಲೆ ತಟ್ಟನೆ ಕಂಡರೆ ಹೆದರಿ ಮೈಮೇಲೆ ಬೀಳುತ್ತದೆ. ಹಾಗಾಗಿ ಪೊದೆ ಇರುವ ತಿರುವಿನಲ್ಲೆಲ್ಲ ತಾತ ಕೋಲಿನಿಂದ ಕಲ್ಲು ಬಡಿಯುತ್ತಿದ್ದರು. ದಾರಿಯಲ್ಲಿ ಹೊಸದಾಗಿ ಕೆದರಿದ ಹುತ್ತ ಸಿಕ್ಕಿತು, ಮಣ್ಣು ಇನ್ನೂ ಹಸಿ ಇತ್ತು. ಅಲ್ಲಿಂದ ನಾವು ಒಬ್ಬರ ಹಿಂದೆ ಒಬ್ಬರು, ತೋಳಳತೆ ಬಿಡದೆ ನಡೆದೆವು. ಎದುರಾದರೆ ಓಡಬಾರದು, ಗುಂಪು ಬಿಡಬಾರದು, ಮೆಲ್ಲಗೆ ಹಿಂದೆ ಸರಿಯಬೇಕು ಅಂತ ತಾತ ಮೂರು ಸಲ ಹೇಳಿಸಿದರು.

ಗುಡ್ಡದ ನೆತ್ತಿ ಹತ್ತುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ಕಾಲಡಿ ಅದಿರಿನ ಪಟ್ಟೆ ಕಲ್ಲುಗಳು, ಚೂರು ಚೂರಾಗಿ ಜಾರುತ್ತವೆ. ಅಂಗಾಲು ಸವೆದ ಶೂ ಇಲ್ಲಿ ನಡೆಯದು. ಇನ್ನೊಂದು ತಮಾಷೆ, ದಿಕ್ಸೂಚಿ. ಗೆಳೆಯನ ಫೋನಿನ ದಿಕ್ಸೂಚಿ ನೆತ್ತಿಯ ಮೇಲೆ ಹೆಜ್ಜೆಗೊಂದು ದಿಕ್ಕು ತೋರಿಸಿತು. ಈ ಕಲ್ಲಲ್ಲಿ ಅಲ್ಲಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಅದು ಅಯಸ್ಕಾಂತದ ಗುಣದ ಅದಿರು, ಮುಳ್ಳನ್ನು ತನ್ನ ಕಡೆ ಎಳೆಯುತ್ತದೆ. ಜಿಪಿಎಸ್‌ಗೆ ಈ ತೊಂದರೆ ಇಲ್ಲ, ಅದು ಉಪಗ್ರಹದ ಲೆಕ್ಕ. ಆದ್ದರಿಂದ ನಕ್ಷೆಯನ್ನು ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ, ನಿಂತ ಜಾಗದ ಚುಕ್ಕೆ ನಂಬಿ, ಮುಳ್ಳನ್ನು ನಂಬಬೇಡಿ.

ಹನ್ನೊಂದರ ಹೊತ್ತಿಗೆ ನೀರು ಕಂಡಿತು. ಹಳ್ಳ ಸೇರುವ ಕಡೆ ತಿಳಿಗೆಂಪು, ಒಳಗೆ ಹೋದಂತೆ ಹಸಿರು. ಮೂರು ಕಡೆ ಬೆಟ್ಟ. ನೀರುಕಾಗೆಗಳು ಒಣಮರದ ಮೇಲೆ ರೆಕ್ಕೆ ಬಿಚ್ಚಿ ಕೂತಿದ್ದವು. ದಂಡೆಯ ಕೆಸರಲ್ಲಿ ಕರಡಿಯ ಹಿಂಗಾಲ ಗುರುತು ಇತ್ತು, ಬರಿಗಾಲಲ್ಲಿ ನಡೆದ ಮನುಷ್ಯನ ಹೆಜ್ಜೆಯಂತೆ, ಮುಂದೆ ಉದ್ದ ಉಗುರಿನ ಗೀರು ಬೇರೆ. ಈಜುತ್ತೇವೆ ಅಂತ ಬಂದಿದ್ದ ಇಬ್ಬರನ್ನು ತಾತ ಕೂಡಿಸಿಬಿಟ್ಟರು. ಮೇಲೆ ಒಣಗಿ ಗಟ್ಟಿಯಾಗಿ ಕಾಣುವ ದಂಡೆ ಒಳಗೆ ಹೂಳು. ಕೋಲು ಚುಚ್ಚಿ ತೋರಿಸಿದರು, ಮೊಣಕಾಲುದ್ದ ಸಲೀಸಾಗಿ ಇಳಿಯಿತು. ಈಜು ಬರುತ್ತದೋ ಇಲ್ಲವೋ, ಅಲ್ಲಿ ಸಿಕ್ಕಿಕೊಂಡರೆ ಎರಡೂ ಒಂದೇ. ಬಂಡೆ ಮೇಲೆ ಕೂತು ರೊಟ್ಟಿ ತಿಂದೆವು, ಹರಟೆ ಹೊಡೆದೆವು, ಒಬ್ಬ ಗೊರಕೆ ಹೊಡೆದ.

ಎರಡು ಗಂಟೆಗೆ ತಾತ ಎದ್ದು ನಿಂತರು. ಇನ್ನೊಂದು ತಾಸು ಇರೋಣ ಅಂದರೂ ಕೇಳಲಿಲ್ಲ. ಬೆಟ್ಟದ ನೆರಳಲ್ಲಿ ಕತ್ತಲು ಬೇಗ ಆಗುತ್ತದೆ, ಹತ್ತುವಾಗ ಕಾಲೂ ಸೋತಿರುತ್ತದೆ. ಐದರೊಳಗೆ ಊರು ಮುಟ್ಟಿದೆವು. ತಾತನಿಗೆ ದಿನದ ಕೂಲಿ ಕೊಟ್ಟೆವು. ಇದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ, ಆಮೇಲೆ ಚೌಕಾಸಿ ಬೇಡ.

ಬಿಳಿ ಬಟ್ಟೆ ಮಾತ್ರ ಹಾಕಬೇಡಿ. ಆ ಕೆಂಪು ಯಾವ ಸೋಪಿಗೂ ಜಗ್ಗುವುದಿಲ್ಲ. ವಾಪಸ್ ಬರುವಾಗ ತೋರಣಗಲ್ಲು ಮೇಲೆ ಬಳ್ಳಾರಿಗೆ ಬಸ್ಸು ಸಿಗುತ್ತದೆ. ಹತ್ತುವ ಮುಂಚೆ ರಸ್ತೆ ಬದಿ ಬುಟ್ಟಿಯಲ್ಲಿ ಸೀತಾಫಲ ಮಾರುವ ಹೆಣ್ಣುಮಕ್ಕಳಿದ್ದರೆ ಒಂದಿಷ್ಟು ತಗೊಳ್ಳಿ, ಗುಡ್ಡದ ಹಣ್ಣು ಸಣ್ಣದಾದರೂ ಬಲು ಸಿಹಿ.