ರಬ್ಬರ್ ಅಚ್ಚಿನಲ್ಲಿ ಬೆಳೆದ ತಾಮ್ರದ ಬಳ್ಳಿ

ಬೇಲೂರಿನ ಶಿಲ್ಪಿಯೊಬ್ಬರು ಕೆತ್ತಿದ, ಅಂಗೈಯಗಲದ ಬಳಪದ ಕಲ್ಲಿನ ಬಳ್ಳಿಯೊಂದನ್ನು ಅವರ ಒಪ್ಪಿಗೆ ಪಡೆದು ತಾಮ್ರದಲ್ಲಿ ಮೂಡಿಸಲು ಹಾಸನದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಪ್ರಯತ್ನಿಸಿದೆ. ಎಲೆಗಳ ಅಡಿಭಾಗವನ್ನು ಒಳಮುಖವಾಗಿ ಕೊರೆದಿದ್ದರಿಂದ ಗಡುಸಾದ ಅಚ್ಚು ಬಿಡಿಸಿಕೊಳ್ಳುವಂತಿರಲಿಲ್ಲ; ಬಾಗಿಸಿ ಸುಲಿಯಬಹುದಾದ ಸಿಲಿಕೋನ್ ರಬ್ಬರೇ ಬೇಕಾಯಿತು.

ದ್ರಾವಣದಲ್ಲಿ ಅಚ್ಚನ್ನು ಮುಳುಗಿಸಿ ವಿದ್ಯುತ್ ಹರಿಸಿದರೆ ದ್ರಾವಣದ ತಾಮ್ರ ಅಚ್ಚಿನ ಮೇಲೆ ಪದರವಾಗಿ ಕೂರುತ್ತದೆ. ರಬ್ಬರಿನಲ್ಲಿ ವಿದ್ಯುತ್ ಹರಿಯದಾದ್ದರಿಂದ ಅಚ್ಚಿನ ಒಳಮೈಗೆ ನುಣ್ಣನೆಯ ಗ್ರಾಫೈಟ್ ಪುಡಿಯನ್ನು ಮೆತ್ತನೆಯ ಕುಂಚದಿಂದ, ಪೆನ್ಸಿಲ್ ಗೆರೆಯ ಹೊಳಪು ಬರುವವರೆಗೆ ತಿಕ್ಕಿದೆ. ದ್ರಾವಣಕ್ಕೆ ಲೀಟರಿಗೆ 200 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಮಾರು 30 ಮಿ.ಲೀ. ಸಲ್ಫ್ಯೂರಿಕ್ ಆಮ್ಲ. (ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ.) ಅಡಿಕೆಗೆ ಬೋರ್ಡೋ ದ್ರಾವಣ ಮಾಡಲು ತಂದಿದ್ದ ಮೈಲುತುತ್ತವನ್ನೇ ಮೊದಲು ಬಳಸಿದ್ದೆ, ತಾಮ್ರ ಮರಳಿನಂತೆ ಒರಟಾಗಿ ಕೂತಿದ್ದರಿಂದ ಪ್ರಯೋಗಾಲಯದ ದರ್ಜೆಯದನ್ನು ತರಿಸಿದೆ.

ಆದರೆ ಮೊದಲ ಅಚ್ಚು ಹಾಳಾದದ್ದು ನನ್ನ ಆತುರದಿಂದ. ಆರಂಭದಲ್ಲೇ 2 ಆಂಪಿಯರ್ ಹರಿಸಿದ್ದರಿಂದ ಅಚ್ಚಿಗೆ ವಿದ್ಯುತ್ ಕೊಡುವ ತಂತಿ ತಾಗಿದ ಕಡೆ ತಾಮ್ರ ಸುಟ್ಟಂತೆ ಕಪ್ಪು ಪುಡಿಯಾಗಿ ಉಕ್ಕಿತು, ನಡುಭಾಗದಲ್ಲಿ ಗ್ರಾಫೈಟ್ ಹಾಗೇ ಉಳಿಯಿತು. ಸಾಲದ್ದಕ್ಕೆ ರಬ್ಬರ್ ದ್ರಾವಣದಲ್ಲಿ ತೇಲಲು ನೋಡಿ ಬಾಗಿತು. ಸಿಲಿಕೋನಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲವಾದ್ದರಿಂದ ಎರಡನೆಯ ಅಚ್ಚನ್ನು ಎರೆಯುವಾಗ ತೂತು ಕೊರೆದ ಅಕ್ರಿಲಿಕ್ ಹಲಗೆಯೊಂದನ್ನು ಬೆನ್ನಿಗಿಟ್ಟೆ. ರಬ್ಬರ್ ತೂತುಗಳೊಳಗೆ ಇಳಿದು ಗಟ್ಟಿಯಾಗಿ ಹಲಗೆಯನ್ನು ಕಚ್ಚಿಕೊಂಡಿತು. ಅತಿ ಆಳದ ಗುಳಿಗಳಿಗೆ ಕೂದಲಿನಷ್ಟು ಸಣ್ಣ ತಂತಿಯ ತುದಿ ಮುಟ್ಟಿಸಿ, ಗುಳ್ಳೆ ನಿಲ್ಲದಂತೆ ಸ್ಪಿರಿಟ್‌ನಿಂದ ನೆನೆಸಿ ಅಚ್ಚನ್ನು ಇಳಿಸಿದೆ.

ಈ ಬಾರಿ 0.3 ಆಂಪಿಯರ್ ಮಾತ್ರ. ತಂತಿಯ ಬುಡದಿಂದ ನಸುಗೆಂಪು ಅಂಚೊಂದು ಕಪ್ಪು ಮೈಮೇಲೆ ಇಂಚಿಂಚಾಗಿ ಸರಿಯುತ್ತ ಒಂದು ಎಲೆಯನ್ನು ಮುಚ್ಚಿ, ಪಕ್ಕದ ಎಲೆಯ ಗಡಿಯಲ್ಲಿ ತಡೆದು, ಮತ್ತೆ ಮುಂದುವರಿಯಿತು. ಅದನ್ನು ನೋಡುತ್ತ ರಾತ್ರಿಯೂಟ ಮರೆತೆ. ಮೈಯೆಲ್ಲ ಮುಚ್ಚಿದ ಮೇಲೆಯೇ ಚದರ ಡೆಸಿಮೀಟರಿಗೆ 2 ಆಂಪಿಯರಿಗೆ ಏರಿಸಿದೆ. ಆ ಪ್ರಮಾಣದಲ್ಲಿ ಗಂಟೆಗೆ ಸುಮಾರು 26 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ತಾಮ್ರ ಕೂರುವುದರಿಂದ ಅರ್ಧ ಮಿ.ಮೀ. ದಪ್ಪಕ್ಕೆ ಇಪ್ಪತ್ತು ಗಂಟೆ ಹಿಡಿಯಿತು. ಕರೆಂಟ್ ಹೋಗಿ ಬಂದರೆ ಪದರಗಳು ಒಂದಕ್ಕೊಂದು ಬೆಸೆಯದಿರುವ ಭಯದಿಂದ ಯುಪಿಎಸ್‌ಗೆ ಜೋಡಿಸಿದ್ದೆ.

ತಾಮ್ರದ ಬೆನ್ನು ರಾಗಿ ಚೆಲ್ಲಿದಂತಿತ್ತು. ಗುಳಿಗಳಲ್ಲಿ ಕಾಗದದಷ್ಟು ತೆಳುವಾಗಿದ್ದರಿಂದ ಸುಲಿಯುವ ಮುನ್ನವೇ ಬೆನ್ನಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿದೆ. ರಬ್ಬರನ್ನು ಮೂಲೆಯಿಂದ ಹಿಂದಕ್ಕೆ ಮಡಚುತ್ತ ಬಿಡಿಸಿ, ಅಂಟಿದ್ದ ಗ್ರಾಫೈಟನ್ನು ಸೋಪಿನ ನೀರಿನಲ್ಲಿ ತೊಳೆದಾಗ, ಮೂರನೆಯ ಎಲೆಯ ಮೇಲೆ ಶಿಲ್ಪಿಯ ಉಳಿ ಜಾರಿದ ಸಣ್ಣ ಗೀರು ಕೂಡ ತಾಮ್ರದಲ್ಲಿ ಮೂಡಿತ್ತು.