ಚಿಪ್ ಫೋಟೋದ ಹೊಳಪು ಹೋಗಿಸಿದ್ದು ಹೀಗೆ

ಕಾರವಾರಕ್ಕೆ ಗೋವಾ ಹತ್ತಿರ ಅಲ್ವಾ, ಮಾಂಡೋವಿ ನದಿಯ ಹಡಗು ಕ್ಯಾಸಿನೋಗಳ ಚಿಪ್ (ಜೂಜಿನಲ್ಲಿ ಹಣದ ಬದಲು ಬಳಸುವ ದುಂಡನೆಯ ಬಿಲ್ಲೆ) ನಮ್ಮ ಗೆಳೆಯರ ಸಂಗ್ರಹದಲ್ಲಿ ಜಾಸ್ತಿ. ಎಲ್ಲರೂ ಫೋಟೋ ಕಳಿಸಿ ಒಂದು ಕ್ಯಾಟಲಾಗ್ ಮಾಡುತ್ತಿದ್ದೇವೆ. ಕಿರಿಕಿರಿ ಏನಂದ್ರೆ, ಫ್ಲ್ಯಾಶ್ ಬಿದ್ದ ಕೂಡಲೇ ನಡುವಿನ ಸ್ಟಿಕ್ಕರ್ ಬೆಳ್ಳಗಾಗಿ ಅದರ ಮೊತ್ತವೇ ಕಾಣುತ್ತಿರಲಿಲ್ಲ, ಮೇಲಿಂದ ಒಬ್ಬೊಬ್ಬರ ಫೋಟೋದಲ್ಲಿ ಒಂದೊಂದು ಬಣ್ಣ.

ಫ್ಲ್ಯಾಶ್ ಬಿಟ್ಟೆ. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಚಿಪ್ಪನ್ನು ಬಿಳಿ ಕಾಗದದ ಮೇಲಿಟ್ಟು ತೆಗೆದೆ, ಹೊಳಪು ಹೋಯ್ತು. (ಮಳೆಗಾಲದ ಮೋಡ ಇದ್ದರೆ ಪಂಚೆಯೂ ಬೇಡ.) ಕಾಗದ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ (ಫೋಟೋದ ಬಣ್ಣ ಸರಿಪಡಿಸುವ ಸೆಟ್ಟಿಂಗ್) ಸರಿ ಮಾಡಿದರೆ ಬಣ್ಣವೂ ಹೊಂದುತ್ತದೆ. ಅಳತೆಗೆ ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಡಿ: ಅದು 27 ಮಿ.ಮೀ., ಮಾಮೂಲಿ ಚಿಪ್ 39 ಮಿ.ಮೀ. ಅಂಚಿನದ್ದೂ ಒಂದು ಫೋಟೋ ಬೇಕೇ ಬೇಕು, ಮುಖ ಒಂದೇ ಥರ ಇದ್ದರೂ ಅಂಚಿನ ಪಟ್ಟೆ ಬೇರೆ ಇದ್ದರೆ ಅದನ್ನು ಬೇರೆ ಚಿಪ್ ಅಂತಲೇ ಬರೆದುಕೊಳ್ಳುತ್ತೇವೆ.